ಕೈ ಹಿಡಿಯದ ಅಕ್ಕೋರು

ಶಿವಕಾಂತಮ್ಮನಿಗೆ ತನ್ನ ಬಲಗೈಯ ಮೇಲಿನ ನಂಬಿಕೆ ಹೋಗಿ ಹದಿಮೂರು ವರ್ಷವಾಗಿತ್ತು. ಹೊರಗಿನಿಂದ ನೋಡಿದರೆ ಆ ಕೈಗೆ ಯಾವ ಊನವೂ ಇರಲಿಲ್ಲ. ಅದೇ ಕೈಯಲ್ಲಿ ಬರೆದು ಅವಳು ಬಿ.ಎ. ಪಾಸಾಗಿದ್ದಳು, ಅದೇ ಕೈಯಲ್ಲಿ ಉಣ್ಣುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಆದರೆ ಹೆಪ್ಪಾಗಬೇಕಾದದ್ದು, ಮೊಳೆಯಬೇಕಾದದ್ದು, ಹೊಸದಾಗಿ ಶುರುವಾಗಬೇಕಾದದ್ದು ಯಾವುದನ್ನೂ ಆ ಕೈಯಿಂದ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕೆಡುತ್ತದೆ. ಇದು ಅವಳಿಗೆ ಹೆದರಿಕೆಯ ವಿಷಯವಾಗಿ ಉಳಿದಿರಲಿಲ್ಲ, ಗೊತ್ತಿದ್ದ ವಿಷಯವಾಗಿತ್ತು.

ಒಂಬತ್ತು ವರ್ಷದವಳಿದ್ದಾಗ ಚಿತ್ತಾಪುರದ ಮನೆಯಲ್ಲಿ ಆ ವರ್ಷದ ಮಾವಿನ ಉಪ್ಪಿನಕಾಯಿಯ ಭರಣಿಗೆ ಕೈ ಹಾಕಿ ಒಂದು ಹೋಳು ಎತ್ತಿಕೊಂಡಿದ್ದಳು. ಹದಿನೈದು ದಿನಕ್ಕೆ ಭರಣಿಯ ಬಾಯಿತನಕ ಬಿಳಿ ಬೂಷ್ಟು. ಅಜ್ಜಿ ಭರಣಿಯೊಳಗೆ ಇಣುಕಿ ನೋಡಿ, "ಇಕಿ ಕೈ ಛಲೋ ಇಲ್ಲ" ಎಂದಳು. ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಮೋಡ ಕಟ್ಟಿದೆ ಅನ್ನುವ ದನಿಯಲ್ಲಿ ಹೇಳಿ ಮುಚ್ಚಳ ಮುಚ್ಚಿದಳು. ಮರುವರ್ಷ ಅವಳು ಹುಲ್ಲು ತಿನ್ನಿಸಿದ ಕರು ಸತ್ತಿತು. ಬಿತ್ತನೆಯ ದಿನ ಅಪ್ಪ ಅಮೃತಪ್ಪ, "ನೀ ಬದುವಿನ ಮ್ಯಾಲ ಕುಂದ್ರವ್ವ, ಬಿಸಲಾಗ ಯಾಕ" ಎಂದು ಬೀಜದ ಬುಟ್ಟಿಯನ್ನು ಮೆಲ್ಲಗೆ ಅವಳಿಂದ ದೂರ ಸರಿಸಿದ. ಇಪ್ಪತ್ತನೆಯ ವರ್ಷಕ್ಕೆ ಸೇಡಮ್ಮಿನಿಂದ ಹೆಣ್ಣು ನೋಡಲು ಬಂದವರು ಅವಳು ಕೊಟ್ಟ ಚಹಾ ಕುಡಿದು ಹೋದರು, ಮತ್ತೆ ಸುದ್ದಿ ಕಳಿಸಲಿಲ್ಲ. ಅಷ್ಟು ಹೊತ್ತಿಗೆ ಯಾರೂ ಏನೂ ಅನ್ನುವ ಅಗತ್ಯ ಉಳಿದಿರಲಿಲ್ಲ. ಯಾರಾದರೂ ಅನ್ನುವ ಮೊದಲೇ ಅವಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಎಂಬತ್ತಮೂರರ ದೀಪಾವಳಿ ಮುಗಿದ ಮೇಲೆ ಅವಳಿಗೆ ದಂಡೋತಿಯ ಹೆಂಗಸರ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ದಿನಾ ಮಧ್ಯಾಹ್ನ ಚಿತ್ತಾಪುರದಿಂದ ಬಸ್ಸು. ಮಕ್ಕಳ ಸಾಲಿ ಬಿಟ್ಟ ಮೇಲೆ ಸಾಲಿಯ ಪಡಸಾಲೆಯಲ್ಲಿ ಎರಡು ತಾಸು ಪಾಠ. ಕಾಗಿಣಾ ಹೊಳೆಯ ದಂಡೆಯ ಓಣಿಯ ಹೆಂಗಸರು ಇಪ್ಪತ್ತೆರಡು ಮಂದಿ ಹೆಸರು ಬರೆಸಿದ್ದರು. ಮೀನು ಮಾರುವವರು, ಬಲೆ ಹೆಣೆಯುವವರು, ಕೂಲಿಗೆ ಹೋಗುವವರು. ಮೊದಲ ದಿನ ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಪೀರಮ್ಮ ತಾನೇ ಒಂದು ತಾಟಿನ ತುಂಬ ಬಿಳಿಜೋಳ ಹರವಿಕೊಂಡು ಬಂದು ಮುಂದೆ ಕುಳಿತಳು. ಆ ಓಣಿಯಲ್ಲಿ ಅಕ್ಷರ ಶುರುಮಾಡುವ ಪದ್ಧತಿಯೇ ಅದು. ಕಲಿಸುವವರು ಕಲಿಯುವವರ ಬೆರಳು ಹಿಡಿದು ಜೋಳದಲ್ಲಿ ಮೊದಲ ಅಕ್ಷರ ತಿದ್ದಿಸಬೇಕು. ಆಮೇಲೆ ಪಾಟಿ, ಬಳಪ.

"ಹಿಡೀರಿ ಅಕ್ಕೋರ" ಎಂದು ಪೀರಮ್ಮ ಬೆರಳು ಚಾಚಿದಳು.

ಶಿವಕಾಂತಮ್ಮ ತಾಟು ನೋಡಿದಳು, ಬೆರಳು ನೋಡಿದಳು. ಅರವತ್ತು ವರ್ಷದ ಹೆಂಗಸು ಹೊಸದಾಗಿ ಶುರುಮಾಡಲು ಬಂದಿದ್ದಾಳೆ. ಇದನ್ನೂ ತಾನು ಕೆಡಿಸಬೇಕೇ? "ಈಗ ಹಂಗ ಕಲಸಂಗಿಲ್ರಿ. ನಾ ಹಲಗಿ ಮ್ಯಾಲ ಬರೀತೀನಿ, ನೀವು ನೋಡಿ ಬರ್ಕೋರಿ" ಎಂದು ಬೋರ್ಡಿನ ಕಡೆ ತಿರುಗಿಬಿಟ್ಟಳು. ಬೆನ್ನ ಹಿಂದೆ ಪೀರಮ್ಮ ತಾಟನ್ನು ಸೆರಗಿನಿಂದ ಮುಚ್ಚಿ ಬದಿಗಿಟ್ಟಳು.

ಸಂಕ್ರಾಂತಿಯ ಹೊತ್ತಿಗೆ ಇಪ್ಪತ್ತೆರಡು ಮಂದಿ ಹದಿಮೂರಾದರು. ಫೆಬ್ರವರಿಗೆ ಆರು. ಮೇಲ್ವಿಚಾರಕ ಹಣಮಂತರಾಯ ಸೈಕಲ್ಲಿನಲ್ಲಿ ಬಂದು ಹಾಜರಿ ಪುಸ್ತಕ ನೋಡಿ ನಿಟ್ಟುಸಿರುಬಿಟ್ಟ. "ಈ ತಿಂಗಳ ಕಡೀ ಶನಿವಾರ ಬರ್ತೀನಿ ತಂಗಿ. ಹತ್ತು ಮಂದಿ ಕುಂತಿರಬೇಕು. ಇಲ್ಲಂದ್ರ ಈ ಸೆಂಟರ್ ಬಂದ್ ಮಾಡಿ ಪಾಟಿ ಎಲ್ಲ ಬ್ಯಾರೆ ಊರಿಗಿ ಸಾಗಸ್ತೀವಿ. ನನ್ನ ಕೈಯಾಗ ಏನೂ ಇಲ್ಲ ನೋಡು."

ತಾನು ಶುರುಮಾಡಿದ್ದು ಇನ್ನು ಹೇಗೆ ತಾನೇ ಆದೀತು ಎಂದುಕೊಂಡು ಅವಳು ಬಸ್ಸು ಹತ್ತಿದಳು. ಆಶ್ಚರ್ಯವೇನೂ ಆಗಿರಲಿಲ್ಲ. ದಣಿವಾಗಿತ್ತು, ಅಷ್ಟೆ. ಬಸ್ಸಿನ ಕಿಟಕಿಯಾಚೆ ತೊಗರಿ ಕೊಯ್ದ ಹೊಲಗಳು ಬೋಳಾಗಿ ಹಿಂದೆ ಸರಿಯುತ್ತಿದ್ದವು. ಕೆಲಸ ಹೋದರೆ ಮನೆಯಲ್ಲಿ ಕೂರುವುದು. ಕುಳಿತರೆ ಮತ್ತೆ ಏಳುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮನೆಯವರಿಗೆ ಸೆಂಟರಿನ ಈ ಸಂಗತಿ ಯಾವುದೂ ತಿಳಿಯದು. ಅವರಿಗೆ ಕಂಡದ್ದು ಅವಳ ತಲೆನೋವು, ನಿದ್ದೆ ಇಲ್ಲದ ಕಣ್ಣು. ಅದಕ್ಕೆಂದೇ ತಾಯಿ ಸುಂದರಬಾಯಿ ಅವಳನ್ನು ನವಂಬರಿನಲ್ಲೇ ದವಾಖಾನೆಗೆ ಕರೆದೊಯ್ದಿದ್ದಳು. ಅಲ್ಲಿದ್ದ ಡಾಕ್ಟರು ಸರ್ವರಬೇಗಂ, ಐವತ್ತರ ಹತ್ತಿರದ ಹೆಂಗಸು, ಬೆಂಗಳೂರಿನಲ್ಲಿ ಎರಡು ವರ್ಷ ಮನಸ್ಸಿನ ರೋಗದ ಅಭ್ಯಾಸ ಮಾಡಿ ಬಂದವರು. ಎರಡು ವಾರ ಗುಳಿಗೆ ಕೊಟ್ಟು ನೋಡಿದರು. ಮೂರನೆಯ ವಾರ ಸುಂದರಬಾಯಿಯನ್ನು ಹೊರಗೆ ಕೂರಿಸಿ ಬಾಗಿಲು ಮುಚ್ಚಿದರು. ಅಂದಿನಿಂದ ಗುರುವಾರ ಗುರುವಾರ ಅರ್ಧ ತಾಸು ಮಾತು. ಶಿವಕಾಂತಮ್ಮ ಮೊದಮೊದಲು ಮೇಜಿನ ಅಂಚಿನೊಂದಿಗೇ ಮಾತಾಡುತ್ತಿದ್ದಳು. ಜೋಳದ ತಾಟಿನ ಸಂಗತಿ ಬಾಯಿಂದ ಹೊರಬೀಳಲು ಜನವರಿ ಬರಬೇಕಾಯಿತು.

"ಆಯ್ತು. ಪೀರಮ್ಮನ ಕೈ ಹಿಡದು ಬರಸಿದಿ ಅನ್ಕೋ" ಎಂದರು ಸರ್ವರಬೇಗಂ. "ಏನಾಗ್ತದ?"

"ಆಕಿಗಿ ಅಕ್ಷರ ಹತ್ತಂಗಿಲ್ರಿ."

"ಹತ್ತಲಿಲ್ಲ. ಹಂಗಾದ್ರ ಏನು?"

"ನನ್ನಿಂದ ಆಕಿ ವಿದ್ಯಾ ಕೆಟ್ಟಂಗ ಆತಲ್ರಿ."

"ಕೆಟ್ಟಿತು. ಅದು ಖರೇನೇ ಅಂತ ಹಿಡಿ. ನಿನ್ನ ಬಗ್ಗೆ ಏನು ಹೇಳ್ತದ ಅದು?"

ಹೊರಗೆ ಯಾರೋ ಕೆಮ್ಮುತ್ತಿದ್ದರು. ಶಿವಕಾಂತಮ್ಮ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ನಾನೇ ಕೆಟ್ಟಾಕಿ ಅಂತ್ರಿ" ಎಂದಳು ಕಡೆಗೆ. "ಕೈ ಅಲ್ರಿ. ನಾನು."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಹದಿಮೂರು ವರ್ಷ ಕೈ ಕೈ ಎಂದುಕೊಂಡು ಬಂದವಳು ಇದನ್ನು ತನಗೆ ತಾನೇ ಕೂಡ ಹೇಳಿಕೊಂಡಿರಲಿಲ್ಲ.

"ಹ್ಞಾಂ. ಬುಡ ಸಿಕ್ತು ನೋಡು" ಎಂದರು ಡಾಕ್ಟರು. "ಇಷ್ಟು ದಿನ ನಾವಿಬ್ರೂ ಎಲಿ ಕೀಳಾಕತ್ತಿದ್ದೆವು. ತಲಿನೋವು ಎಲಿ, ನಿದ್ದಿ ಇಲ್ಲದ್ದು ಎಲಿ. ಈ ಮಾತು ಬೇರು. ರೂಪಾಯಿಗಿ ಎಷ್ಟಾಣೆ ನಂಬ್ತಿ ಇದನ್ನ?"

"ಹದಿನಾರಾಣೆ."

"ಅರೆ, ಒಂದಾಣೆನೂ ಬಿಡಂಗಿಲ್ಲೇನು?" ಸರ್ವರಬೇಗಂ ನಕ್ಕರು. "ಹೋಗ್ಲಿ. ಒಂದು ವಹಿ ತಗೋ. ಒಂದು ಕಡಿ ನೀ ಕೆಡಿಸಿದ್ದು ಬರಿ. ಇನ್ನೊಂದು ಕಡಿ ನೀ ಮುಟ್ಟಿನೂ ಛಲೋ ಇದ್ದದ್ದು ಬರಿ."

ಮುಂದಿನ ವಾರ ಎಡಗಡೆಯ ಪುಟ ತುಂಬಿ ಅಂಚಿನಲ್ಲೂ ಬರಹವಿತ್ತು. ಬಲಗಡೆ ಎರಡೇ ಸಾಲು, ಎರಡಕ್ಕೂ ಗೀಟು. ಬಿ.ಎ. ಪಾಸಾದದ್ದು ಓದಿದ್ದಕ್ಕೆ, ಕೈಯಿಂದಲ್ಲ. ಪಕ್ಕದ ಮನೆಯ ಚಾಂದಬೀಯ ಸೀರೆಗೆ ಹಾಕಿದ ಕಸೂತಿ ಚೆನ್ನಾಗಿ ಬಂದದ್ದು ಬಟ್ಟೆ ಒಳ್ಳೆಯದಿದ್ದುದಕ್ಕೆ. ಡಾಕ್ಟರು ಚಶ್ಮಾ ತೆಗೆದು ಕಣ್ಣುಜ್ಜಿಕೊಂಡರು. "ಛಲೋ ಆದದ್ದಕ್ಕ ಊರೆಲ್ಲ ಕಾರಣ. ಕೆಟ್ಟಿದ್ದಕ್ಕ ಮಾತ್ರ ನೀ ಒಬ್ಬಾಕೇ. ಹಿಂಗ ಲೆಕ್ಕ ಹಾಕಿದ್ರ ಯಾವ ಮನಷಾ ಪಾಸಾಗ್ತಾನ ಹೇಳು ಬೇಟಿ? ಬರದದ್ದು ಸಾಕು. ಇನ್ನ ಮಾಡಿ ನೋಡಮು."

ಮಾಡಿ ನೋಡುವುದೆಂದರೆ ಮೊಸರು. ಒಂದೇ ಹಾಲು, ಎರಡು ಗಡಿಗೆ. ಒಂದಕ್ಕೆ ತಾಯಿ ಹೆಪ್ಪು ಹಾಕಬೇಕು, ಇನ್ನೊಂದಕ್ಕೆ ಶಿವಕಾಂತಮ್ಮ. ತನ್ನ ಗಡಿಗೆಯ ಕೊರಳಿಗೆ ಅವಳು ಕೆಂಪು ದಾರ ಕಟ್ಟಬೇಕು. ಹದಿನಾಲ್ಕು ದಿನ ಬೆಳಿಗ್ಗೆ ಎದ್ದು ನೋಡಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು.

ಮೊದಲ ಸಂಜೆ ಅವಳ ಕೈಯಲ್ಲಿದ್ದ ಚಮಚ ಗಡಿಗೆಯ ಅಂಚಿಗೆ ತಾಗಿ ಅರ್ಧ ಹೆಪ್ಪು ಒಲೆಯ ಕಟ್ಟೆಯ ಮೇಲೆ ಬಿತ್ತು. ಬೆಳಿಗ್ಗೆ ನೋಡಿದರೆ ಕೆಂಪು ದಾರದ ಗಡಿಗೆಯಲ್ಲಿ ಮೊಸರು ಗಟ್ಟಿಯಾಗಿ, ಕೆನೆಕಟ್ಟಿ ಕೂತಿತ್ತು. ಎರಡನೆಯ ದಿನವೂ. ಆರನೆಯ ದಿನವೂ. ಸುಂದರಬಾಯಿ ಗಡಿಗೆ ಓರೆಮಾಡಿ ತೋರಿಸಿ, "ನೋಡಬೇ, ನಿಂದೇ ನನಗಿಂತ ಛಲೋ ಆಗ್ಯದ" ಎನ್ನುವಳು. ಶಿವಕಾಂತಮ್ಮ ಬರೆದಳು: ಆರು ದಿನ, ಆರೂ ದಿನ ಹೆಪ್ಪಾಗಿದೆ. ಆ ಸಾಲಿಗೆ ಗೀಟು ಹಾಕಲು ಕಾರಣ ಹುಡುಕಿದಳು, ಸಿಗಲಿಲ್ಲ. ಆ ದಿನ ದಂಡೋತಿಯ ಬಸ್ಸಿನಲ್ಲಿ ಅವಳಿಗೆ ಕಣ್ಣು ಹತ್ತಿ ಊರು ಬಂದದ್ದೇ ತಿಳಿಯಲಿಲ್ಲ. ಕಂಡಕ್ಟರು ಎಬ್ಬಿಸಬೇಕಾಯಿತು.

ಏಳನೆಯ ಸಂಜೆ ಹೆಪ್ಪು ಹಾಕಿ ಹೊರಗೆ ಬಟ್ಟೆ ಮಡಚಲು ಹೋದವಳು ಏನೋ ನೆನಪಾಗಿ ಒಳಗೆ ತಿರುಗಿ ಬಂದಳು. ಸುಂದರಬಾಯಿ ಕೆಂಪು ದಾರದ ಗಡಿಗೆಯ ಮುಚ್ಚಳ ತೆಗೆದು, ತನ್ನ ಬಟ್ಟಲಿನಿಂದ ಒಂದು ಚಮಚ ಹೆಪ್ಪು ಹಾಕಿ ಮೆಲ್ಲಗೆ ತಿರುವುತ್ತಿದ್ದಳು.

"ಯವ್ವಾ."

ಸುಂದರಬಾಯಿಯ ಕೈಯಲ್ಲಿ ಚಮಚ ಹಾಗೇ ನಿಂತಿತು. "ಎರಡ ಹನಿ ಅಷ್ಟೇ ಹಾಕ್ದೆ ಕಾಂತಾ."

"ಎಂದಿನಿಂದ ಹಾಕಾಕತ್ತಿದಿ?"

"ಮೊದಲನೇ ದಿನದಿಂದನೇ. ಅವತ್ತ ಹೆಪ್ಪೆಲ್ಲ ಕಟ್ಟಿ ಮ್ಯಾಲ ಚೆಲ್ಲಿದ್ದಿ. ಆಗಲಿಲ್ಲಂದ್ರ ಮನಸಿಗಿ ಹಚ್ಕೋತಿ, ಮತ್ತ ಊಟ ಬಿಡ್ತಿ. ಅದಕ್ಕ..."

"ಮೊಸರು ಒಂದೇ ಏನು?"

ತಾಯಿ ಚಮಚ ಕೆಳಗಿಟ್ಟು ಗಡಿಗೆಯ ಮುಚ್ಚಳ ಮುಚ್ಚಿದಳು. ಕೇಳಬೇಕಾಗಿಯೂ ಇರಲಿಲ್ಲ. ಶಿವಕಾಂತಮ್ಮ ನಾದಿದ ಹಿಟ್ಟನ್ನು ತಾಯಿ ಮತ್ತೊಮ್ಮೆ ನಾದಿದ್ದು, ಅವಳು ಇಟ್ಟ ಒಗ್ಗರಣೆಗೆ ಮತ್ತೊಂದು ಚಿಟಿಕೆ ಸಾಸಿವೆ ಬಿದ್ದದ್ದು, ಚಿಕ್ಕಂದಿನಲ್ಲಿ ಅವಳು ನೆಟ್ಟ ಮಲ್ಲಿಗೆ ಕಡ್ಡಿಯ ಜಾಗದಲ್ಲಿ ಮರುದಿನ ಬೇರೆ ಕಡ್ಡಿ ನಿಂತದ್ದು, ಎಲ್ಲ ಈಗ ಒಂದೊಂದಾಗಿ ಕಣ್ಣಮುಂದೆ ಬಂತು. ಜಗಳವಾಡುವ ತ್ರಾಣ ಅವಳಿಗಿರಲಿಲ್ಲ. ವಹಿ ತೆಗೆದು ಆರೂ ದಿನದ ಬರಹಕ್ಕೆ ಗೀಟು ಎಳೆದಳು. ಸುಂದರಬಾಯಿ ಗಡಿಗೆಯ ಮುಂದೆ ಕುಳಿತು ಸೆರಗಿನಿಂದ ಮೂಗು ಒರೆಸಿಕೊಂಡಳು.

ಗುರುವಾರ ಇದನ್ನು ಕೇಳಿ ಸರ್ವರಬೇಗಂ ತಮ್ಮ ಹಣೆಯನ್ನೇ ಹಿಡಿದುಕೊಂಡರು. "ತಪ್ಪು ನಂದು. ಮನಿಯಾಗ ಪರೀಕ್ಷೆ ಇಟ್ಟೆ. ನಿಮ್ಮವ್ವ ಪ್ರೀತಿಗಿ ಮಾಡಿದ್ಲು, ಖರೆ. ಆದ್ರ ನಿನ್ನ ಬೆನ್ನ ಹಿಂದ ಬಂದು ಸರಿ ಮಾಡೋರು ಇರೋತನಕ ನಿನಗ ಏನೂ ತಿಳಿಯಂಗಿಲ್ಲ. ಕೆಟ್ಟಿತೋ, ನೆಟ್ಟಗಾತೋ, ನಿಂದು ನಿನಗ ಕಾಣಬೇಕು."

"ಇನ್ನ ಸಾಕ್ರಿ. ನನಗ ಆಗಂಗಿಲ್ಲ."

"ಬ್ಯಾಡ. ಒಂದೇ ಒಂದು ಕೇಳ್ತೀನಿ, ಉತ್ತರ ಇಲ್ಲಿ ಹೇಳಬ್ಯಾಡ. ಮುಟ್ಟಿದ್ರ ಏನು ಕೆಡ್ತದ ಅಂತ ಹದಿಮೂರು ವರ್ಷದಿಂದ ಲೆಕ್ಕ ಇಟ್ಕೋತ ಬಂದಿ. ಮುಟ್ಟದೇ ಇದ್ದದ್ದಕ್ಕ ಏನೇನು ಕೆಟ್ಟದ, ಅದನ್ನ ಎಂದಾದ್ರೂ ಕೇಳಿದ್ದೇನು? ಯಾರನ್ನಾದ್ರೂ?"

ಕೇಳಿರಲಿಲ್ಲ. ಕೈ ದೂರವಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ ಎಂದೇ ಅವಳ ತಿಳಿವಳಿಕೆಯಾಗಿತ್ತು.

ಮುಂದಿನ ಮಂಗಳವಾರ ಪಡಸಾಲೆಯಲ್ಲಿ ಆರು ಮಂದಿ ಇದ್ದರು. ಹಣಮಂತರಾಯ ಬರಲು ನಾಲ್ಕು ದಿನ ಉಳಿದಿತ್ತು. ಬಿಸಿಲಿಗೆ ಕಾದ ಶಹಾಬಾದ ಫರಸಿಕಲ್ಲಿನ ನೆಲದ ಮೇಲೆ ಹೆಂಗಸರು ಗೋಣಿಚೀಲ ಹಾಸಿಕೊಂಡು ಕುಳಿತಿದ್ದರು. ಶಿವಕಾಂತಮ್ಮ ಹಲಗೆಯ ಮೇಲೆ ಅಕ್ಷರ ಬರೆದು, ಬಳಪ ಕೆಳಗಿಟ್ಟು ಕೇಳಿದಳು: "ಪೀರಮ್ಮ, ಉಳಿದೋರು ಯಾಕ ಬರಂಗಿಲ್ಲ?"

ಪೀರಮ್ಮ ಪಾಟಿ ಒರೆಸುತ್ತ ಕೂತಳು. ಒರೆಸಿದ್ದನ್ನೇ ಒರೆಸಿದಳು. "ಕೆಲಸ ಇರ್ತಾವ್ರಿ ಅಕ್ಕೋರ."

"ಕೆಲಸ ಅಂತ, ಕೆಲಸ!" ಹೊರಗಿನಿಂದ ಒಂದು ದನಿ. ಮೊದಲ ತಿಂಗಳೇ ಬಿಟ್ಟುಹೋಗಿದ್ದ ಯಂಕಮ್ಮ ಖಾಲಿ ಮೀನಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅಂಗಳದಲ್ಲಿ ಹೋಗುತ್ತಿದ್ದವಳು ನಿಂತಿದ್ದಳು. "ಯಾಕ ಸುಳ್ಳ ಹೇಳ್ತಿ ಮುದುಕಿ? ಕೇಳಾಕತ್ತಾರಲ್ಲ, ಹೇಳು. ನೀ ತಾಟು ತುಂಬ ಜೋಳ ತಂದು ಬಟ್ಟು ಚಾಚಿದಿ, ಇವರು ಮಾರಿ ತಿರುವಿದ್ರು. ನಮ್ಮ ಕೈ ಮೀನ ನಾರತಾವ. ಮ್ಯಾಲಿನ ಓಣಿ ಮಂದಿ ಮುಟ್ಟಬೇಕಂದ್ರ ಜಳಕ ಮಾಡಬೇಕಾಗ್ತದ. ಬಸ್ಸಿಗಿ ಹೊತ್ತಾಗ್ತದಲ್ಲ ಪಾಪ, ಜಳಕಕ್ಕ ಎಲ್ಲಿ ಪುರಸೊತ್ತು!"

ಒಬ್ಬಿಬ್ಬರು ತಲೆ ತಗ್ಗಿಸಿದರು. ಯಾರೂ ಅಲ್ಲಗಳೆಯಲಿಲ್ಲ.

ಶಿವಕಾಂತಮ್ಮನ ಕಿವಿ ಗುಂಯ್ ಎಂದಿತು. ನಾಲ್ಕು ತಿಂಗಳು ಇವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ತನ್ನ ಮುಂದೆ ಕುಳಿತಿದ್ದರು. ಹದಿನಾರು ಮಂದಿ ಇದನ್ನೇ ಹೊತ್ತುಕೊಂಡು ಎದ್ದು ಹೋಗಿದ್ದರು. ತಾನು ಅವರನ್ನು ಕಾಪಾಡುತ್ತಿದ್ದೇನೆಂದು ತಿಳಿದಿದ್ದಳು.

"ಅದಲ್ರಿ" ಎಂದಳು. "ಅದಲ್ಲ ಯಂಕಮ್ಮ. ನನ್ನ ಕೈ ಛಲೋ ಇಲ್ಲ. ನಾ ಮುಟ್ಟಿದ್ದು ಕೆಡ್ತದ. ಸಣ್ಣಾಕಿ ಇದ್ದಾಗಿಂದ ಹಂಗೇ. ಉಪ್ಪಿನಕಾಯಿ ಕೆಡ್ತು, ಕರ ಸತ್ತಿತು, ಮನಿಯಾಗ ನನ್ನ ಕಡಿಂದ ಬೀಜ ಮುಟ್ಟಸಂಗಿಲ್ಲ. ನಿಮ್ಮ ಅಕ್ಷರ ಕೆಡಬಾರದಂತ ನಾ..." ಡಾಕ್ಟರನ್ನು ಬಿಟ್ಟು ಯಾರ ಮುಂದೆಯೂ ಹೇಳದಿದ್ದುದನ್ನು ಏಳು ಹೆಂಗಸರ ಮುಂದೆ, ಹಾಡುಹಗಲಿನಲ್ಲಿ ಹೇಳಿ ನಿಂತಿದ್ದಳು.

ಮೊದಲು ನಕ್ಕವಳು ಪೀರಮ್ಮ. ಹಲ್ಲಿಲ್ಲದ ಬಾಯಿ ತೆರೆದು, ತೊಡೆ ತಟ್ಟಿಕೊಂಡು ನಕ್ಕಳು. "ಅಯ್ಯ ನನ್ ತಾಯಿ! ಇಷ್ಟೇ ಏನು? ಅರವತ್ತು ವರ್ಷ ಹೆಬ್ಬಟ್ಟು ಒತ್ಕೋತ ಬಂದದ ಈ ಕೈ. ಇದರಾಗ ಇನ್ನೇನು ಉಳದದಂತ ಕೆಡಸ್ತಿ? ಬಾ, ಕೆಡಸು ಬಾ. ನೋಡೇ ಬಿಡಮು."

"ಓದಿದೋರಿಗೂ ಇಂಥಾ ಹುಚ್ಚ ಇರ್ತದೇನಬೇ!" ಎಂದಳು ಇನ್ನೊಬ್ಬಳು.

"ಛಲೋ ಕತಿ ಕಟ್ಟಿದಿ ಅಕ್ಕೋರ" ಎಂದಳು ಯಂಕಮ್ಮ. ಅವಳು ನಕ್ಕಿರಲಿಲ್ಲ. ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಹೊಳೆಯ ಕಡೆ ನಡೆದುಬಿಟ್ಟಳು.

ಯಾರೋ ಹೋಗಿ ಜೋಳ ತಂದರು. ಶಿವಕಾಂತಮ್ಮ ಪೀರಮ್ಮನ ಪಕ್ಕ ಮಂಡಿಯೂರಿ ಕುಳಿತು ಅವಳ ತೋರುಬೆರಳು ಹಿಡಿದಳು. ಬಲೆಯ ಹುರಿ ಎಳೆದೂ ಎಳೆದೂ ಬೆರಳಿನ ಒಳಮೈ ಕಟ್ಟಿಗೆಯಂತಾಗಿತ್ತು. ತನ್ನ ಬೆರಳು ಬೆವರಿತ್ತು. 'ಅ' ತಿದ್ದಿಸಿದಳು. ಜೋಳ ಜಾರಿ ಅರ್ಧ ಅಕ್ಷರ ಮುಚ್ಚಿಹೋಯಿತು. ಕೆಟ್ಟಿತು, ಎಂದಿತು ಒಳಗಿನ ಹಳೆಯ ದನಿ, ಕೂಡಲೇ, ಕಾದು ಕೂತಿದ್ದವರ ಹಾಗೆ. ಅವಳು ಕಣ್ಣುಮುಚ್ಚಿಕೊಂಡಳು.

"ಜೋಳ ಭಾಳ ಆತು" ಎಂದಳು ಪೀರಮ್ಮ. ತಾಟಿನಿಂದ ಎರಡು ಹಿಡಿ ತೆಗೆದು ಉಡಿಯಲ್ಲಿ ಹಾಕಿಕೊಂಡಳು. "ಹ್ಞೂಂ, ಇನ್ನೊಮ್ಮಿ."

ಮೂರನೆಯ ಸಲ ಅಕ್ಷರ ಅಕ್ಷರದ ಹಾಗೆ ಕಂಡಿತು. ಐದನೆಯ ಸಲ ಪೀರಮ್ಮ ಕೈ ಬಿಡಿಸಿಕೊಂಡು ತಾನೇ ಬರೆದಳು, ಡೊಂಕಾಗಿ. ಮಳೆ ಬರಲಿಲ್ಲ, ಸಿಡಿಲು ಬೀಳಲಿಲ್ಲ. ಉಳಿದ ಐದು ಮಂದಿ ತಾಟಿನ ಸುತ್ತ ಜರುಗಿ ಬಂದರು. ಆರೂ ಮಂದಿಗೆ ತಿದ್ದಿಸಿ ಮುಗಿಯುವಾಗ ಬಸ್ಸು ಹೋಗಿಬಿಟ್ಟಿತ್ತು. ಕಲ್ಲು ಹೇರಿಕೊಂಡು ಬಂದ ಲಾರಿಯಲ್ಲಿ, ಡ್ರೈವರು ಬಂದೇಅಲಿಯ ಹೆಂಡತಿಯ ಪಕ್ಕ ಕೂತು ಅವಳು ಚಿತ್ತಾಪುರಕ್ಕೆ ಬಂದಳು. ಸಂತೋಷವೇನೂ ಆಗಲಿಲ್ಲ. ರಟ್ಟೆ ನೋಯುತ್ತಿತ್ತು.

ಗುರುವಾರ ಸರ್ವರಬೇಗಂ ಎಲ್ಲ ಕೇಳಿ, "ಈಗ ಎಷ್ಟಾಣೆ?" ಎಂದರು.

ಅವಳು ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹದಿನಾಲ್ಕು ಇರಬೇಕ್ರಿ."

"ನಾಲ್ಕು ತಿಂಗಳಿಗಿ ಎರಡಾಣೆ!" ಡಾಕ್ಟರು ಕುರ್ಚಿಗೆ ಒರಗಿ ಕಣ್ಣುಮುಚ್ಚಿದರು. ಅವರೂ ದಣಿದಿದ್ದರು, ಹೊರಗೆ ಇನ್ನೂ ನಲವತ್ತು ಮಂದಿ ಕೂತಿದ್ದರು. "ಇರಲಿ. ಬೇರು ಹಳೇದದ. ಯಂಕಮ್ಮಗ ಏನು ಮಾಡ್ತಿ?"

"ಆಕಿ ನಂಬಲಿಲ್ರಿ."

"ಯಾಕ ನಂಬಬೇಕು? ಆಕಿ ಕಡಿನೂ ಒಂದು ಬೇರು ಇರ್ತದ. ಅದನ್ನ ನೆಟ್ಟೋರು ನೀ ಒಬ್ಬಾಕೇ ಅಲ್ಲ. ಆದ್ರ ನೀನೂ ನಾಲ್ಕು ತಿಂಗಳು ನೀರು ಹಾಕೀದಿ."

ಶನಿವಾರ ಶಿವಕಾಂತಮ್ಮ ಬಸ್ಸಿಳಿದಾಗ ಹಣಮಂತರಾಯನ ಸೈಕಲ್ಲು ಆಗಲೇ ಪಡಸಾಲೆಯ ಕಂಬಕ್ಕೆ ಒರಗಿತ್ತು. ಪೀರಮ್ಮ ಮನೆಮನೆ ತಿರುಗಿ ಮೂವರನ್ನು ಎಳೆದು ತಂದಿದ್ದಳು. ಒಂಬತ್ತು. ಹಣಮಂತರಾಯ ಎರಡು ಸಲ ಎಣಿಸಿದ, ಗಡಿಯಾರ ನೋಡಿದ, ಹಾಜರಿ ಪುಸ್ತಕ ಬಿಚ್ಚಿ ಪೆನ್ನಿನ ಟೊಪ್ಪಿಗೆ ತೆಗೆದ. "ಅರ್ಧ ತಾಸು ನೋಡ್ತೀನಿ ತಂಗಿ" ಎಂದು ಬೀಡಿ ಹಚ್ಚಲು ಅಂಗಳಕ್ಕಿಳಿದ.

ಅವನ ಬೀಡಿ ಮುಗಿಯುವ ಹೊತ್ತಿಗೆ ಯಂಕಮ್ಮ ಬಂದಳು. ಬುಟ್ಟಿಯನ್ನು ಹೊಸ್ತಿಲಾಚೆ ಇಟ್ಟು, ಎಲ್ಲರಿಂದ ದೂರ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. "ಹೆಸರು ಬರ್ಕೋರಿ. ಮುದುಕಿ ಮೂರು ದಿನದಿಂದ ತಲಿ ತಿನ್ನಾಕತ್ತ್ಯಾಳ, ಅದಕ್ಕ ಬಂದೀನಿ. ಜೋಳ ಗೀಳ ಬ್ಯಾಡ. ಒಂದು ಪಾಟಿ ಕೊಡ್ರಿ ಸಾಕು."

ಹಣಮಂತರಾಯ ಒಳಗೆ ಬಂದು ಹತ್ತು ಎಂದು ಬರೆದು ಸಹಿ ಮಾಡಿದ. "ಇನ್ನ ಮೂರು ತಿಂಗಳು ನಡಸು ತಂಗಿ" ಎಂದು ಸೈಕಲ್ಲು ಏರಿ ಹೋದ.

ಶಿವಕಾಂತಮ್ಮ ಹಲಗೆಯ ಮೇಲೆ 'ಯ' ಬರೆದಳು. ಯಂಕಮ್ಮ ಪಾಟಿಯನ್ನು ಮೊಣಕಾಲಿಗೆ ಒರಗಿಸಿ, ಬಳಪವನ್ನು ಚಾಕು ಹಿಡಿದ ಹಾಗೆ ಹಿಡಿದು, ಒತ್ತಿ ಒತ್ತಿ ಬರೆಯತೊಡಗಿದಳು. ಅಕ್ಷರ ತಲೆಕೆಳಗಾಯಿತು. ಉಗುಳು ಹಚ್ಚಿ ಅಳಿಸಿದಳು. ಮತ್ತೆ ಬರೆದಳು, ಮತ್ತೆ ತಲೆಕೆಳಗಾಯಿತು. ಬಳಪ ಮುರಿಯಿತು.

ದೂರದಿಂದಲೇ ಹೇಳಿ ತಿದ್ದಬಹುದಿತ್ತು. ನಾಲ್ಕು ತಿಂಗಳು ಅದನ್ನೇ ಮಾಡಿದ್ದಳು. ಶಿವಕಾಂತಮ್ಮ ಗೋಡೆಯ ಬಳಿಗೆ ಹೋಗಿ ಯಂಕಮ್ಮನ ಎದುರು ಫರಸಿಯ ಮೇಲೆ ಕುಳಿತು ಬಲಗೈ ಚಾಚಿದಳು. ಹಿಡಿಯಲಿಲ್ಲ, ಚಾಚಿದಳು ಅಷ್ಟೆ. ಯಂಕಮ್ಮ ಆ ಕೈಯನ್ನು ನೋಡಿದಳು. ಮುಖವನ್ನು ನೋಡಿದಳು. ಮತ್ತೆ ಪಾಟಿಯ ಮೇಲೆ ಬಾಗಿ, ಮುರಿದ ತುಂಡಿನಿಂದಲೇ ಗೀಚತೊಡಗಿದಳು.

"ಕೈ ಹಿಂದಕ್ಕ ತಗೋರಿ ಅಕ್ಕೋರ. ನನಗ ಬರ್ತದ."

"ಬರಲಿ" ಎಂದಳು ಶಿವಕಾಂತಮ್ಮ. "ಬರಿ ನೀ. ನಾ ಕುಂತಿರ್ತೀನಿ."

ಒಳಗಿನ ದನಿ ಏನೇನೋ ಹೇಳುತ್ತಿತ್ತು. ಹೇಳಲಿ ಎಂದು ಬಿಟ್ಟಳು. ಚಾಚಿದ ರಟ್ಟೆ ಸೋಲುತ್ತ ಬಂತು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.